58 ಪುಟದ ಪತ್ರಕ್ಕೆ 41 ವರ್ಷದ ಮೇಲೆ ಉತ್ತರ!

ಚಿತ್ರರಸಿಕರೇ, ಈ ವಾರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಿರ್ದೇಶಕ ತೀರಿಕೊಂಡು 13 ವರ್ಷ ಆದಮೇಲೆ, ಆತ ಕೇಳಿಕೊಂಡಿದ್ದಂತೆ ಅವನ ಚಿತ್ರದ ಎಡಿಟಿಂಗ್ ಆಯ್ತು ಅಂದ್ರೆ ನಂಬ್ತೀರಾ? ನಂಬಲೇಬೇಕು ಸ್ವಾಮಿ! ಚಿತ್ರ ‘ಟಚ್ ಆಫ್ ಈವಿಲ್’. ನಿರ್ದೇಶಕ ಆರ್ಸನ್ ವೆಲ್ಸ್. 25ರ ಹರೆಯದಲ್ಲೇ ‘ಸಿಟಿಜನ್ ಕೇನ್’ ತೆಗೆದ ಭೂಪ!

ಮೊದಲ ದೃಶ್ಯ ಕೇಳಿ. ಅಮೆರಿಕ-ಮೆಕ್ಸಿಕೋ ಗಡಿಯ ಒಂದು ಊರು. ರಾತ್ರಿ. ಯಾರೋ ಒಬ್ಬ ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಟ್ಟು ಓಡ್ತಾನೆ. ಏನೂ ತಿಳಿಯದ ಜೋಡಿಯೊಂದು ಬಂದು ಆ ಕಾರು ಹತ್ತುತ್ತೆ. ಕ್ರೇನ್ ಏರಿದ ಕ್ಯಾಮೆರಾ ಕಟ್ಟಡದ ಮೇಲಿಂದ ಹಾದು ಬೀದಿಗಿಳಿಯುತ್ತೆ. ಅದೇ ಬೀದಿಯಲ್ಲಿ ನವದಂಪತಿ ಚಾರ್ಲ್‌ಟನ್ ಹೆಸ್ಟನ್, ಜಾನೆಟ್ ಲೀ ನಡೆದು ಬರ್ತಾರೆ. ಕಾರು ಒಮ್ಮೆ ಅವರ ಹಿಂದೆ, ಒಮ್ಮೆ ಪಕ್ಕದಲ್ಲಿ… ಮೂರು ನಿಮಿಷಕ್ಕೂ ಮೀರಿದ ಒಂದೇ ಶಾಟ್. ನಡುವೆ ಒಂದೂ ಕಟ್ ಇಲ್ಲ. ಆಮೇಲೆ… ಢಂ!

ಇಂಥ ಶಾಟ್‌ಗೆ ಯೂನಿವರ್ಸಲ್ ಕಂಪನಿ ಏನು ಮಾಡ್ತು ಗೊತ್ತೇ? ಅದರ ಮೇಲೆಯೇ ಟೈಟಲ್ಸ್ ಹಾಕಿ, ಹೆನ್ರಿ ಮ್ಯಾನ್ಸಿನಿ ಸಂಗೀತ ಸುರಿಯಿತು! ಸಾಲದ್ದಕ್ಕೆ ಹ್ಯಾರಿ ಕೆಲ್ಲರ್ ಎಂಬ ನಿರ್ದೇಶಕನಿಂದ ಹೊಸ ದೃಶ್ಯಗಳನ್ನು ತೆಗೆಸಿ ಸೇರಿಸಿತು. 1957ರ ಡಿಸೆಂಬರ್‌ನಲ್ಲಿ ಅದನ್ನು ನೋಡಿದ ವೆಲ್ಸ್ ಕೂಗಾಡಲಿಲ್ಲ, ಜಗಳ ಕಾಯಲಿಲ್ಲ. ಕೂತು 58 ಪುಟ ಬರೆದರು. ಈ ದೃಶ್ಯ ಹೀಗಿರಲಿ, ಈ ಶಬ್ದ ಹೀಗೆ ಬರಲಿ ಅಂತ ಒಂದೊಂದಾಗಿ, ವಿನಯದಿಂದ.

ಬಹುಪಾಲು ಮಾತು ಗಾಳಿಗೆ ಹೋಯ್ತು. 1958ರಲ್ಲಿ ಚಿತ್ರ ಬಂದಿದ್ದು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಆಟದಲ್ಲಿ, ಎರಡನೇ ಚಿತ್ರವಾಗಿ. ಮೊದಲನೆಯದು ‘ದಿ ಫೀಮೇಲ್ ಅನಿಮಲ್’. ಅದರ ನಿರ್ದೇಶಕ ಯಾರು ಅಂತೀರಿ? ಅದೇ ಹ್ಯಾರಿ ಕೆಲ್ಲರ್! ಹಾಲಿವುಡ್ ಸ್ಟುಡಿಯೋಗೆ ವೆಲ್ಸ್ ನಿರ್ದೇಶಿಸಿದ ಕಡೆಯ ಚಿತ್ರ ಇದೇ ಆಯ್ತು. 1985ರಲ್ಲಿ ಅವರು ಕಣ್ಣುಮುಚ್ಚಿದರು.

1998ರಲ್ಲಿ ನಿರ್ಮಾಪಕ ರಿಕ್ ಶ್ಮಿಡ್ಲಿನ್, ಸಂಕಲನಕಾರ ವಾಲ್ಟರ್ ಮರ್ಚ್ ಆ ಪತ್ರವನ್ನು ಮುಂದಿಟ್ಟುಕೊಂಡು ಕೂತರು. ಟೈಟಲ್ಸ್ ಕೊನೆಗೆ ಹೋಯ್ತು. ಮೊದಲ ಶಾಟ್‌ನಿಂದ ಮ್ಯಾನ್ಸಿನಿ ಸಂಗೀತ ತೆಗೆದು, ಬಾರ್‌ಗಳಿಂದ ತೇಲಿಬರುವ ಹಾಡು, ಕಾರಿನ ರೇಡಿಯೋ ಸದ್ದು ಇಟ್ಟರು. ಇದರ ಗಮ್ಮತ್ತು ನೋಡಿ: ಕಾರು ಕಣ್ಣಿಗೆ ಬೀಳದಿದ್ದರೂ ರೇಡಿಯೋ ಕೇಳುತ್ತೆ. ಅಂದ್ರೆ ಬಾಂಬ್ ಇಲ್ಲೇ ಎಲ್ಲೋ ಹತ್ತಿರದಲ್ಲಿದೆ! ಎದೆ ಡವಡವ ಅನ್ನದಿದ್ದರೆ ಕೇಳಿ.

ನಿಜ ಹೇಳ್ತೀನಿ, ನನಗೆ ಮೊದಲು ಹಿಡಿಸಿದ್ದು ಮ್ಯಾನ್ಸಿನಿ ಸಂಗೀತವೇ. ಎಂಥ ತಾಳ! ಹೊಸದನ್ನು ಎರಡನೇ ಸಲ ನೋಡಿದಾಗಲೇ ನನ್ನ ತಪ್ಪು ತಿಳಿದಿದ್ದು. ಸಂಗೀತ ‘ಹೆದರು’ ಅಂತ ನಮಗೆ ಹೇಳಿಕೊಡುತ್ತೆ. ರೇಡಿಯೋ ಹೇಳಿಕೊಡೋದಿಲ್ಲ, ಹೆದರಿಸಿಯೇ ಬಿಡುತ್ತೆ.

ಹಾಗಂತ ಇದು ವೆಲ್ಸ್ ಕೈಯಾರೆ ಕತ್ತರಿಸಿದ ಚಿತ್ರ ಅನ್ನೋ ಹಾಗಿಲ್ಲ. ಪತ್ರ ಅವರದು, ಕತ್ತರಿ ಬೇರೆಯವರದು. ಅದಕ್ಕೇ 2008ರ ಡಿವಿಡಿ ನನಗೆ ಮೆಚ್ಚುಗೆ. 1958ರಲ್ಲಿ ಬಿಡುಗಡೆಯಾದದ್ದು, ಅದಕ್ಕೂ ಮುಂಚಿನ ಪ್ರಿವ್ಯೂ ಪ್ರತಿ, 1998ರದು, ಮೂರೂ ಅದರಲ್ಲಿವೆ. ಜೊತೆಗೆ ಆ ಪತ್ರದ ನಕಲೂ ಉಂಟು. 2022ರಲ್ಲಿ ಕಿನೋ ಲಾರ್ಬರ್ ಸಂಸ್ಥೆ ಹೊರತಂದ 4ಕೆ ಡಿಸ್ಕ್‌ನಲ್ಲೂ ಮೂರೂ ಇವೆ.

ಡಿಸ್ಕ್ ಕೈಗೆ ಸಿಕ್ಕರೆ ಹೀಗೆ ಮಾಡಿ. 1958ರ ಪ್ರತಿಯ ಮೊದಲ ಮೂರು ನಿಮಿಷ ನೋಡಿ. ಆಮೇಲೆ 1998ರದ್ದು ಹಾಕಿ, ದೀಪ ಆರಿಸಿ, ಕಿವಿಗೊಟ್ಟು ನೋಡಿ. ಅಂದು ಕಂಪನಿಯ ದೊರೆಗಳು ಓದಿ ಪಕ್ಕಕ್ಕಿಟ್ಟ ಪತ್ರಕ್ಕೆ ಇಂದು ತೀರ್ಪು ಕೊಡೋರು ನೀವು!

ಬರ್ಲಾ? ಮುಂದಿನ ವಾರ ಸಿಗೋಣ.