ಸುಣ್ಣದ ಗೆರೆಯ ಆಚೆ

ಹೊಸದುರ್ಗದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಗೃಹಪ್ರವೇಶ, ಹೊಟ್ಟೆ ತುಂಬಿಸುವುದು ಇವು. ಮನಸ್ಸು ತುಂಬಿಸುವುದು ಮಾತ್ರ ಮಕ್ಕಳ ಆಟ. ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಸ್ಕೂಟರಿಗೆ ಬ್ಯಾಗು ಕಟ್ಟಿ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಎಂದು ತಿರುಗುವುದು ಮೂವತ್ತು ವರ್ಷಗಳ ಚಟ. ಯಾವ ಪತ್ರಿಕೆಯ ಸಂಬಳವೂ ನನಗಿಲ್ಲ. ಚಿತ್ರ ಚೆನ್ನಾಗಿ ಬಂದರೆ ಪತ್ರಿಕೆಯವರು ಕೊಂಡಾರು, ಇಲ್ಲವೇ ಮಗುವಿನ ತಂದೆತಾಯಿ ಒಂದು ಪ್ರತಿ ಕೊಂಡಾರು. ಎರಡೂ ಆಗದಿದ್ದರೆ ಪೆಟ್ರೋಲು ನನ್ನ ಲೆಕ್ಕಕ್ಕೆ.

ಕೆಲವು ವರ್ಷಗಳ ಹಿಂದೆ ಈ ನಾಲ್ಕು ಊರುಗಳಲ್ಲೊಂದರ ಮೈದಾನದ ಬಾಗಿಲಲ್ಲಿ ಒಬ್ಬರು ನನ್ನನ್ನು ತಡೆದರು. ಊರಿನ ಹೆಸರು ಬೇಡ, ಜಗಳ ಊರಿನ ಮೇಲಲ್ಲ.

"ಯಾವ ಪೇಪರ್ ನಿಮ್ದು?"

"ಯಾವುದೂ ಅಲ್ಲ ಸಾರ್, ಸ್ವಂತ."

"ಹಂಗಾದ್ರೆ ಹಗ್ಗದಿಂದ ಆಚೆ ನಿಂತ್ಕಳಿ. ಈ ಸಲ ಫೋಟೋ ಒಬ್ರಿಗೇ ಕೊಟ್ಟಿದೀವಿ."

ನಿಂತೆ. ಒಳಗಿದ್ದ ಆ ಒಬ್ಬರು ದೀಪ ಬೆಳಗಿದ್ದನ್ನು ತೆಗೆದರು, ಹಾರ ಹಾಕಿದ್ದನ್ನು ತೆಗೆದರು, ಮುಖ್ಯ ಅತಿಥಿಗಳು ಪಾರಿವಾಳ ಹಾರಿಸಿದ್ದನ್ನು ಎರಡು ಸಲ ತೆಗೆದರು. ಆಮೇಲೆ ಊಟಕ್ಕೆ ಹೋದರು. ಆ ಹೊತ್ತಿನಲ್ಲೇ ಹೆಣ್ಣುಮಕ್ಕಳ ಖೋಖೋ ಫೈನಲ್. ಕೊನೆಯ ನಿಮಿಷದಲ್ಲಿ ಹಳ್ಳಿಶಾಲೆಯ ಹುಡುಗಿಯೊಬ್ಬಳು ಕಂಬದ ಪಕ್ಕ ಮೈಚೆಲ್ಲಿ ಹಾರಿ ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಇಡೀ ಮೈದಾನ ಎದ್ದು ನಿಂತಿತು. ನನ್ನ ಕ್ಯಾಮೆರಾಕ್ಕೆ ಸಿಕ್ಕಿದ್ದು ಎದ್ದು ನಿಂತವರ ಬೆನ್ನು.

ಮರುದಿನ ಪತ್ರಿಕೆಯಲ್ಲಿ ಬಂದದ್ದು ಶೀಲ್ಡು ಹಿಡಿದ ಅತಿಥಿಗಳು. ವಾರ ಕಳೆದ ಮೇಲೆ ಆ ಹುಡುಗಿಯ ತಾಯಿ ಅಂಗಡಿ ಹುಡುಕಿಕೊಂಡು ಬಂದರು. "ಅಣ್ಣಾ, ನನ್ ಮಗ್ಳು ಬಿದ್ದು ಮುಟ್ಟಿದ್ದು ನಿಮ್ಮತ್ರ ಐತಾ?" ಸೆರಗಿನ ಗಂಟು ಬಿಚ್ಚಿ ನೂರರ ನೋಟು ಕೈಯಲ್ಲಿ ಹಿಡಿದೇ ಕೇಳಿದರು. ಇಲ್ಲವೆಂದೆ. ಎಸ್ಸೆಸ್ಸೆಲ್ಸಿ ಆದಮೇಲೆ ಆ ಹುಡುಗಿ ಆಡಲಿಲ್ಲವಂತೆ. ಅವಳ ಆಟಕ್ಕೆ ಈಗ ಸಾಕ್ಷಿಯೇ ಇಲ್ಲ.

ತಡೆಯುವವರ ಬಳಿ ಮೂರು ಕಾರಣಗಳಿವೆ. ಮೊದಲನೆಯದು ಮಕ್ಕಳ ರಕ್ಷಣೆ. ನಾನೂ ಹೆಣ್ಣುಮಗುವಿನ ತಂದೆ, ಇದನ್ನು ಹಗುರವಾಗಿ ತಳ್ಳಿಹಾಕಲಾರೆ. 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಬಂದದ್ದು ಒಳ್ಳೆಯದೇ. ನಮ್ಮ ಕಸುಬಿನವರಲ್ಲೂ ಕಬಡ್ಡಿ ಆಡುವ ಹುಡುಗಿಯರನ್ನು ತೆಗೆಯಬಾರದ ರೀತಿ ತೆಗೆದವರಿದ್ದಾರೆ, ಓಟ ಶುರುವಾಗುವ ಕ್ಷಣದಲ್ಲಿ ಮಕ್ಕಳ ಕಣ್ಣಿಗೆ ಫ್ಲ್ಯಾಶ್ ಹೊಡೆದವರಿದ್ದಾರೆ. ಅಂಥವರನ್ನು ಕತ್ತು ಹಿಡಿದು ಹೊರಹಾಕಿ, ನಾನೂ ಒಂದು ಕೈ ಕೊಡುತ್ತೇನೆ. ಆದರೆ ಸ್ವಾಮಿ, ಅದೇ ಮೈದಾನದೊಳಗೆ ಎಷ್ಟು ಮೊಬೈಲುಗಳಿದ್ದವು? ಸಂಜೆಯೊಳಗೆ ಆ ಮಕ್ಕಳ ಮುಖ, ಹೆಸರು, ಶಾಲೆ ಎಲ್ಲವೂ ವಾಟ್ಸಾಪಿನಲ್ಲಿ ಊರೂರು ಸುತ್ತಿದವು. ಅವರನ್ನು ಯಾರೂ ಯಾವ ಪೇಪರ್ ಎಂದು ಕೇಳಲಿಲ್ಲ. ಬೋರ್ಡು ಹಾಕಿಕೊಂಡು ಒಂದೇ ಬೀದಿಯಲ್ಲಿ ಮೂವತ್ತು ವರ್ಷ ಕೂತವನು ತಪ್ಪು ಮಾಡಿದರೆ ನಾಳೆ ಬೆಳಿಗ್ಗೆ ಹಿಡಿಯಬಹುದು. ಹಿಡಿಯಬಹುದಾದವನನ್ನು ಹೊರಗಿಟ್ಟು ಹಿಡಿಯಲಾಗದವರನ್ನು ಒಳಗೆ ಬಿಡುವುದು ಯಾವ ರಕ್ಷಣೆ?

ಎರಡನೆಯದು ಗುತ್ತಿಗೆ. ಖಾಸಗಿ ಶಾಲೆಯೊಂದು ತನ್ನ ಕಾಂಪೌಂಡಿನೊಳಗೆ ವಾರ್ಷಿಕೋತ್ಸವ ಮಾಡಿ ಒಬ್ಬರನ್ನೇ ಕರೆದರೆ ಅದು ಅವರ ಮನೆಯ ಮದುವೆ. ತಾಲ್ಲೂಕು ಮಟ್ಟದ, ಜಿಲ್ಲಾ ಮಟ್ಟದ ಕೂಟ ಹಾಗಲ್ಲ. ಅದು ಶಿಕ್ಷಣ ಇಲಾಖೆಯದು, ಸಾರ್ವಜನಿಕರ ಹಣದ್ದು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣವನ್ನು ಯಾರಿಗೂ ಬರೆದುಕೊಟ್ಟಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2007ರಲ್ಲಿ ಇದೇ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ಹೈಸ್ಕೂಲು ಕೂಟ ನಡೆಸುವ ಸಂಘ ತಾನು ಗೊತ್ತುಮಾಡಿದ ಕಂಪನಿಯ ವ್ಯಾಪಾರ ಕಾಯಲು, ಚಿತ್ರ ಮಾರುವ ಪತ್ರಿಕೆಗಳವರನ್ನು ಅಂಕಣದ ಅಂಚಿನಿಂದ ದೂರವಿಟ್ಟಿತ್ತು. ಮರುವರ್ಷ ರಾಜಿಯಾಯಿತು. ನಮ್ಮಲ್ಲೇ 2012ರಲ್ಲಿ ಇಂಗ್ಲೆಂಡ್ ತಂಡ ಬಂದಾಗ ಬಿಸಿಸಿಐ ಗೆಟ್ಟಿ ಚಿತ್ರಸಂಸ್ಥೆಗೆ ಪ್ರವೇಶ ನಿರಾಕರಿಸಿತು. ಅದನ್ನು ಪ್ರತಿಭಟಿಸಿ ರಾಯಿಟರ್ಸ್, ಎಪಿ, ಎಎಫ್‌ಪಿಯವರೂ ಚಿತ್ರ ಕಳಿಸುವುದನ್ನು ನಿಲ್ಲಿಸಿದರು. ಆ ಆಟಕ್ಕೆ ಟೀವಿಯಾದರೂ ಇತ್ತು. ನಮ್ಮ ಖೋಖೋ ಹುಡುಗಿಗೆ ಏನಿತ್ತು?

ಮೂರನೆಯದು, ಪತ್ರಿಕೆಯವರಿಗೆ ಮಾತ್ರ ಎಂಬುದು. ಪತ್ರಿಕೆಯವರ ಮೇಲೆ ನನಗೆ ಮುನಿಸಿಲ್ಲ. ಒಂದೇ ದಿನ ಹೊಳಲ್ಕೆರೆಯಲ್ಲೂ ಹಿರಿಯೂರಲ್ಲೂ ಕೂಟವಿದ್ದರೆ ಜಿಲ್ಲಾ ಕೇಂದ್ರದಲ್ಲಿರುವ ಒಬ್ಬ ಛಾಯಾಗ್ರಾಹಕ ಎಷ್ಟು ಕಡೆ ಓಡಿಯಾನು? ಉದ್ಘಾಟನೆಯದೊಂದು ತೆಗೆದು ಹೊರಡುತ್ತಾನೆ. ಮಧ್ಯಾಹ್ನದ ಬಿಸಿಲಲ್ಲಿ, ಕಂಬದ ಎದುರು ಮಂಡಿಯೂರಿ, ಸೆಕೆಂಡಿನ ಸಾವಿರದ ಒಂದು ಪಾಲಿಗೆ ಕ್ಯಾಮೆರಾ ಹೊಂದಿಸಿಕೊಂಡು ಕಾಯುವವನು ನನ್ನಂಥ ಕೆಲಸವಿಲ್ಲದವನೇ.

ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಚಿತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ತಾನಾಗಿ ತೆಗೆದದ್ದು ತೆಗೆದವನದು. ಬಿದ್ದು ಮೊಣಕಾಲು ತರಚಿಕೊಂಡ ಮಗುವಿಗೆ ಎರಡರಲ್ಲೂ ಪಾಲಿಲ್ಲ. ಆದ್ದರಿಂದ ಬರೀ ಬಾಗಿಲು ತೆಗೆಯಿರಿ ಎಂದು ಕೇಳುವುದು ನ್ಯಾಯವಲ್ಲ, ನಾವೂ ಏನಾದರೂ ಕೊಡಬೇಕು.

ಬಿಇಒ ಕಚೇರಿಯಲ್ಲಿ ಒಂದು ಪುಸ್ತಕ ಇಡಲಿ. ಹೆಸರು, ವಿಳಾಸ, ಗುರುತಿನ ಚೀಟಿ ಬರೆದುಕೊಂಡು ಕೊರಳಿಗೊಂದು ಪಾಸು ಕೊಡಲಿ. ನಿಲ್ಲಬೇಕಾದ ಜಾಗವನ್ನು ದೈಹಿಕ ಶಿಕ್ಷಕರೇ ಸುಣ್ಣದಲ್ಲಿ ಗುರುತಿಸಲಿ. ಫ್ಲ್ಯಾಶ್ ಬೇಡ, ಬಟ್ಟೆ ಬದಲಿಸುವ ಕಡೆ ಸುಳಿಯುವುದು ಬೇಡ, ಯಾವ ಮಗುವಿನ ಮನೆಯವರು ಬೇಡವೆಂದರೋ ಆ ಮಗುವಿನ ಚಿತ್ರ ಬೇಡ. ಒಳಗೆ ಬಂದ ಪ್ರತಿಯೊಬ್ಬನೂ ಆಡಿದ ತಂಡಕ್ಕೊಂದು ಪ್ರತಿ ಬಿಟ್ಟಿ ಕೊಡಲಿ. ತಪ್ಪಿದವನ ಪಾಸು ಕಿತ್ತುಕೊಳ್ಳಲಿ. ಇದಕ್ಕೆ ಸರ್ಕಾರದ ಖಜಾನೆಯೇನೂ ಬರಿದಾಗುವುದಿಲ್ಲ.

ನನ್ನ ಅಂಗಡಿಯ ಗೋಡೆಯಲ್ಲೊಂದು ಕಪ್ಪುಬಿಳುಪು ಚಿತ್ರವಿದೆ. ಬರಿಗಾಲಲ್ಲಿ ಓಡುತ್ತಿರುವ ಹುಡುಗ, ಎದೆಗೆ ಇನ್ನೇನು ದಾರ ತಾಗಬೇಕು. ಆ ಹುಡುಗನಿಗೆ ಈಗ ತಲೆ ನರೆತಿದೆ. ಮೊನ್ನೆ ಮಗನನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿ, "ನೋಡೋ, ನಾನು" ಎಂದ. ಮಗ ಒಮ್ಮೆ ಚಿತ್ರ ನೋಡಿದ, ಒಮ್ಮೆ ಅಪ್ಪನ ಹೊಟ್ಟೆ ನೋಡಿದ, ಆಮೇಲೆ ನಂಬಿದ.

ಆ ಚಿತ್ರ ತೆಗೆದ ದಿನ ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಯಾವ ಪೇಪರ್ ಎಂದು ಅವತ್ತು ಯಾರೂ ಕೇಳಿರಲಿಲ್ಲ.