ಯಂತ್ರವಿಚಾರ: ಹಳೆಯ ಟ್ರಕ್ಕಿಗೆ ಕೈಗೇರು

ಬಹುಕಾಲ ಮನೆಯಲ್ಲಿ ದುಡಿದ ಆಳು ಕೆಲಸ ಬಿಟ್ಟುಹೋದ ಮೇಲೆಯೇ ಅವನು ಏನೇನು ಮಾಡುತ್ತಿದ್ದನೆಂಬುದು ಮನೆಯವರಿಗೆ ಪೂರ್ಣವಾಗಿ ತಿಳಿಯುತ್ತದೆ. ನೀರು ಸೇದುವುದು, ದನ ಕಟ್ಟುವುದು ಮೊದಲಾದವು ಕಣ್ಣಿಗೆ ಕಾಣುವ ಕೆಲಸಗಳು. ರಾತ್ರಿ ಹಿತ್ತಲ ಬಾಗಿಲಿಗೆ ಅಗಳಿ ಹಾಕುತ್ತಿದ್ದವನೂ ಅವನೇ ಎಂಬುದು, ಬೆಳಗ್ಗೆ ಬಾಗಿಲು ತೆರೆದೇ ಇರುವುದನ್ನು ಕಂಡಾಗ ಹೊಳೆಯುತ್ತದೆ. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಸಲ್ಲುವುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಟ್ರಕ್ಕುಗಳನ್ನು ಇಟ್ಟುಕೊಂಡಿರುವ ಗೃಹಸ್ಥರಲ್ಲಿ ಕೆಲವರು, ತಾನಾಗಿ ಗೇರು ಬದಲಿಸುವ ಪೆಟ್ಟಿಗೆಯನ್ನು ತೆಗೆದುಹಾಕಿ, ಆ ಸ್ಥಾನದಲ್ಲಿ ಕ್ಲಚ್ಚು ತುಳಿದು ಕೈಯಿಂದ ಗೇರು ಹಾಕುವ ಪೆಟ್ಟಿಗೆಯನ್ನು ಕೂಡಿಸಿಕೊಳ್ಳುವುದುಂಟು. ಈ ತಿಂಗಳು ಆ ಕೆಲಸದ ಒಳಹೊರಗನ್ನು ವಿಚಾರ ಮಾಡೋಣ.

ನಮ್ಮ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ನಮ್ಮ ದೇಶದಲ್ಲಿ ಪ್ರವಾಹವು ಹರಿಯುತ್ತಿರುವುದು ಎದುರು ದಿಕ್ಕಿಗೆ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಡನೆ ಅಗ್ಗದ ಸ್ವಯಂಚಾಲಿತ ಗೇರು ಬಂದಂದಿನಿಂದ, ಎಡಗಾಲಿಗೆ ವಿಶ್ರಾಂತಿಯನ್ನು ಬಯಸುವವರ ಸಂಖ್ಯೆ ಪಟ್ಟಣಗಳಲ್ಲಿ ಹೆಚ್ಚುತ್ತಲೇ ಇದೆ. ಅಮೆರಿಕೆಯಲ್ಲಾದರೋ ಈ ಸೌಕರ್ಯವು ಬಹು ಹಳೆಯದು. ಜನರಲ್ ಮೋಟರ್ಸ್ ಸಂಸ್ಥೆಯವರು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಎಂಬ ಪೆಟ್ಟಿಗೆಯನ್ನು ಜೋಡಿಸಿ ಮಾರಿದರು. ಅದನ್ನು ರೂಪಿಸಿದ ತಂಡಕ್ಕೆ ಮುಖಂಡನಾಗಿದ್ದವನು ಅರ್ಲ್ ಥಾಮ್ಸನ್ ಎಂಬ ಎಂಜಿನಿಯರು. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ಸಿಂಕ್ರೋಮೆಷ್ ಉಪಾಯವೂ, ಎಂದರೆ ಹಲ್ಲು ಕಿರುಗುಟ್ಟದೆ ಕೈಗೇರು ಬೀಳುವಂತೆ ಮಾಡಿದ ಯುಕ್ತಿಯೂ, ಆತನದೇ. ಕೈಗೇರನ್ನು ಸುಲಭಗೊಳಿಸಿದವನೇ ಕೈಗೇರು ಬೇಡವಾಗುವಂತೆಯೂ ಮಾಡಿದನು!

ಹಾಗಾದರೆ ಬಂದ ಸೌಕರ್ಯವನ್ನು ಬಿಟ್ಟುಕೊಡುವುದೇಕೆ? ಬಹುಮಟ್ಟಿಗೆ ಕಾರಣವು ಮೋಹವಲ್ಲ, ಅಗತ್ಯ. ಹಳೆಯ ಪೆಟ್ಟಿಗೆ ಕೆಟ್ಟುಹೋಗಿರುತ್ತದೆ. ಅದನ್ನು ಬಿಚ್ಚಿ ಪುನಃ ಕಟ್ಟಿಸುವ ವೆಚ್ಚವು ಕೆಲವೊಮ್ಮೆ ಟ್ರಕ್ಕಿನ ಬೆಲೆಗೇ ಸಮನಾಗಿ ನಿಲ್ಲುತ್ತದೆ. ಕೈಗೇರಿನ ಟ್ರಕ್ಕನ್ನೇ ಕೊಳ್ಳೋಣವೆಂದರೆ ಅದು ಅಲ್ಲಿ ದುರ್ಲಭವಾಗಿದೆ. ದೊಡ್ಡ ಪಿಕಪ್ ಟ್ರಕ್ಕುಗಳ ಪೈಕಿ ಕಡೆಯವರೆಗೆ ಕೈಗೇರನ್ನು ಉಳಿಸಿಕೊಂಡಿದ್ದ ರ್‍ಯಾಮ್ ಕೂಡ 2018ರ ಮಾದರಿಯ ತರುವಾಯ ಅದನ್ನು ಕೈಬಿಟ್ಟಿತು. ಆದುದರಿಂದ ಬೇಕಾದವರು ಹಳೆಯದನ್ನು ಹುಡುಕಬೇಕು, ಇಲ್ಲವೆ ಇದ್ದುದನ್ನು ಮಾರ್ಪಡಿಸಬೇಕು.

ಲಾಭವೆಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಫೋರ್ಡ್ ಸಂಸ್ಥೆಯು 1966ರಿಂದ 1996ರ ವರೆಗೆ ತಯಾರಿಸಿದ ಸಿ6 ಎಂಬ ಸ್ವಯಂಚಾಲಿತ ಪೆಟ್ಟಿಗೆಗೆ ಮೂರು ಗೇರುಗಳು. ಮೊದಲನೆಯದರಲ್ಲಿ ಎಂಜಿನ್ 2.46 ಸುತ್ತು ತಿರುಗಿದರೆ ಹಿಂದಿನ ಷಾಫ್ಟು ಒಂದು ಸುತ್ತು ತಿರುಗುವುದು. ಅದೇ ಕಾಲದ ಟ್ರಕ್ಕುಗಳಿಗೆ ಬರುತ್ತಿದ್ದ ನ್ಯೂ ಪ್ರೊಸೆಸ್ 435 ಎಂಬ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಪ್ರಮಾಣವು 6.69. ಹೊರೆ ಹೊತ್ತು ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ, ಬ್ರೇಕನ್ನು ಸುಡದೆ ಎಂಜಿನ್ನಿನ ತಡೆಯಿಂದಲೇ ಬಂಡಿಯನ್ನು ಆಮೆಯಂತೆ ನಡೆಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಹೊಲದಲ್ಲಿಯೂ ಕೆಸರಿನಲ್ಲಿಯೂ ಅಷ್ಟೇ.

ಆದರೆ ಲಾಭವನ್ನು ಉತ್ಪ್ರೇಕ್ಷೆ ಮಾಡಬಾರದು. ಎರಡು ಪೆಟ್ಟಿಗೆಗಳಲ್ಲಿಯೂ ಕಡೆಯ ಗೇರು ಒಂದಕ್ಕೆ ಒಂದರ ಪ್ರಮಾಣದ್ದೇ. ಹೆದ್ದಾರಿಯಲ್ಲಿ ಎಂಜಿನ್ನಿನ ವೇಗವೇನೂ ಗಮನಾರ್ಹವಾಗಿ ಇಳಿಯದು. ಸಿ6 ಪೆಟ್ಟಿಗೆಯಲ್ಲಿ ಎಣ್ಣೆಯ ಜಾರಿಕೆಯಿಂದ ವ್ಯರ್ಥವಾಗುತ್ತಿದ್ದ ಶಕ್ತಿ ಸ್ವಲ್ಪ ಉಳಿಯಬಹುದು. ಪೆಟ್ರೋಲು ಬಹಳ ಉಳಿಯುವುದೆಂಬ ಆಸೆಯೊಂದರಿಂದಲೇ ಈ ಕೆಲಸಕ್ಕೆ ಕೈ ಹಾಕುವವರು, ಹಾಕಿದ ಹಣವು ಹಿಂದಿರುಗುವುದನ್ನು ಬಹುಕಾಲ ಕಾಯಬೇಕಾಗುವುದು.

ಇನ್ನು ಕೆಲಸದ ಸ್ವರೂಪ. ಪೆಟ್ಟಿಗೆಯೊಂದನ್ನು ಬದಲಿಸಿದರೆ ತೀರಿತೆಂದು ತಿಳಿಯಕೂಡದು. ಎಂಜಿನ್ನಿಗೂ ಸ್ವಯಂಚಾಲಿತ ಪೆಟ್ಟಿಗೆಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದೂ, ಅದನ್ನು ಹಿಡಿದಿರುವ ತೆಳುವಾದ ತಗಡೂ ಹೋಗಿ, ಭಾರವಾದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕ್ಲಚ್ಚನ್ನು ಬಿಡಿಸುವ ಬೇರಿಂಗು, ಇವು ಬರಬೇಕು. ಕ್ರ್ಯಾಂಕ್ ಷಾಫ್ಟಿನ ತುದಿಯ ಕುಳಿಯಲ್ಲಿ ಒಂದು ಚಿಕ್ಕ ಪೈಲಟ್ ಬೇರಿಂಗು ಕೂರಬೇಕು. ಇದನ್ನು ಮರೆತವರು ಎಲ್ಲವನ್ನೂ ಕೂಡಿಸಿ ಮತ್ತೆ ಬಿಚ್ಚುವ ಪಾಡಿಗೆ ಬೀಳುತ್ತಾರೆ. ಬ್ರೇಕಿನ ಅಗಲವಾದ ಪೆಡಲನ್ನು ತೆಗೆದು, ಕ್ಲಚ್ಚು ಬ್ರೇಕು ಎರಡೂ ಇರುವ ಪೆಡಲುಗಳ ಜೊತೆಯನ್ನು ಹಾಕಬೇಕು. ನೆಲದ ತಗಡಿನಲ್ಲಿ ಗೇರುಕೋಲಿಗೆ ಕಂಡಿ ಬೇಕು. ಪೆಟ್ಟಿಗೆಯ ಉದ್ದ ಬೇರೆಯಾದರೆ, ಅದನ್ನು ಹೊರುವ ಅಡ್ಡಪಟ್ಟಿಯನ್ನು ಸರಿಸಿ, ಹಿಂದಿನ ಷಾಫ್ಟನ್ನು ಅಳತೆಗೆ ತಕ್ಕಂತೆ ಮಾಡಿಸಬೇಕು.

ಫ್ಲೈವೀಲಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕೆಲವು ಎಂಜಿನ್ನುಗಳ ಸಮತೂಕವು ಫ್ಲೈವೀಲಿಗೆ ಹಚ್ಚಿದ ಭಾರವನ್ನು ಅವಲಂಬಿಸಿರುತ್ತದೆ. ಒಂದೇ ಸಂಸ್ಥೆಯ ಒಂದೇ ಅಳತೆಯ ಎಂಜಿನ್ನಿನಲ್ಲಿಯೂ ವರ್ಷ ಬದಲಾದಂತೆ ಈ ಭಾರವು ಬದಲಾಗಿರಬಹುದು. ಹೊಂದದ ಫ್ಲೈವೀಲನ್ನು ಹಾಕಿದರೆ ಎಂಜಿನ್ ನಡುಗುತ್ತ ನಡುಗುತ್ತ ತನ್ನ ಬೇರಿಂಗುಗಳನ್ನೇ ತಿಂದುಹಾಕುವುದು. ಆದುದರಿಂದ ಬಲ್ಲವರು ಅಲ್ಲೊಂದು ಇಲ್ಲೊಂದು ಭಾಗವನ್ನು ಕೂಡಿಸಲು ಹೋಗದೆ, ಗುಜರಿಯಲ್ಲಿ ಅದೇ ಮಾದರಿಯ, ಅದೇ ಕಾಲದ, ಅದೇ ಎಂಜಿನ್ನಿನ ಕೈಗೇರು ಟ್ರಕ್ಕೊಂದನ್ನು ಹುಡುಕಿ ಇಡಿಯಾಗಿ ಕೊಳ್ಳುತ್ತಾರೆ. ಆಗ ಒಂದು ಬೋಲ್ಟಿಗೂ ಪರದಾಡಬೇಕಾಗಿಲ್ಲ. ಯಾವುದು ಎಲ್ಲಿ ಕೂರಬೇಕೆಂಬುದಕ್ಕೆ ಕಣ್ಣೆದುರಿಗೇ ಮಾದರಿ ಇರುತ್ತದೆ. ಈ ಎರಕದ ಪೆಟ್ಟಿಗೆಗಳ ತೂಕವು ಐವತ್ತು ಕಿಲೋಗ್ರಾಮಿಗೆ ಕಡಮೆಯಿಲ್ಲ. ಬಂಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ, ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳುವುದು ಪ್ರಾಣದೊಡನೆ ಆಡಿದಂತೆ.

ಇಲ್ಲಿಯ ವರೆಗೆ ಹೇಳಿದುದೆಲ್ಲವೂ ಕಣ್ಣಿಗೆ ಕಾಣುವ ಕೆಲಸ. ಇನ್ನು ಹಿತ್ತಲ ಬಾಗಿಲಿನ ಅಗಳಿಯ ಮಾತು.

ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ನಿಲುಗಡೆಯ ಸ್ಥಾನವೊಂದಿದೆ. ಗೇರುಕೋಲನ್ನು ಅಲ್ಲಿಗೆ ತಂದೊಡನೆ ಒಳಗಿನ ಒಂದು ಕೊಕ್ಕೆಯು ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ಬಂಡಿಯನ್ನು ಕಟ್ಟಿಹಾಕುತ್ತದೆ. ಇದನ್ನೇ ನಂಬಿದ ಮನೆಗಳಲ್ಲಿ ವರ್ಷಗಟ್ಟಲೆ ಹ್ಯಾಂಡ್‌ಬ್ರೇಕನ್ನು ಯಾರೂ ಮುಟ್ಟಿರುವುದಿಲ್ಲ. ಅದರ ತಂತಿ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ. ಕೈಗೇರಿನ ಪೆಟ್ಟಿಗೆಯಲ್ಲಿ ಈ ಕೊಕ್ಕೆ ಇಲ್ಲ. ಹೊಸ ಪೆಟ್ಟಿಗೆಯ ಸಂಭ್ರಮದಲ್ಲಿ ಟ್ರಕ್ಕನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಒಳಗೆ ಹೋದರೆ, ಅದು ತಾನಾಗಿ ಉರುಳತೊಡಗಬಹುದು. ಅದರ ದಾರಿಯಲ್ಲಿ ಮಕ್ಕಳು ಆಡುತ್ತಿರಬಹುದು. ಆದುದರಿಂದ ಈ ಕಾರ್ಯದಲ್ಲಿ ಮೊಟ್ಟಮೊದಲು ದುರಸ್ತಿ ಮಾಡತಕ್ಕದ್ದು ಹ್ಯಾಂಡ್‌ಬ್ರೇಕು. ಅದನ್ನು ಎಳೆದು, ಗೇರಿನಲ್ಲಿಯೂ ನಿಲ್ಲಿಸಿ, ಆಮೇಲೆ ಇಳಿಯುವ ಅಭ್ಯಾಸವು ಮನೆಯವರಿಗೆಲ್ಲ ಆಗಬೇಕು.

ಎರಡನೆಯದು, ಎಂಜಿನ್ನನ್ನು ಎಬ್ಬಿಸುವ ತಂತಿ. ಸ್ವಯಂಚಾಲಿತ ಟ್ರಕ್ಕು ಗೇರಿನಲ್ಲಿರುವಾಗ ಬೀಗದಕೈ ತಿರುಗಿಸಿದರೆ ಏಳುವುದಿಲ್ಲ. ಅದಕ್ಕೊಂದು ಕಾವಲು ಸ್ವಿಚ್ಚು ಇದೆ. ಹಳೆಯ ಪೆಟ್ಟಿಗೆಯೊಡನೆ ಆ ಸ್ವಿಚ್ಚೂ ಹೋಗುವುದು. ಅವಸರದ ಜನರು ಕಡಿದ ಎರಡು ತಂತಿಗಳನ್ನೂ ಸೇರಿಸಿ ಸುತ್ತಿಬಿಡುತ್ತಾರೆ. ಆಗ ಬಂಡಿಯು ಗೇರಿನಲ್ಲಿದ್ದರೂ ಸ್ಟಾರ್ಟರ್ ತಿರುಗುವುದು. ಮೊದಲ ಗೇರು ಅಷ್ಟು ಬಲಿಷ್ಠವಾಗಿರುವ ಪೆಟ್ಟಿಗೆಯಲ್ಲಿ ಸ್ಟಾರ್ಟರ್ ಒಂದೇ ಟ್ರಕ್ಕನ್ನು ಮುಂದಕ್ಕೆ ದೂಡಬಲ್ಲದು. ಕುತೂಹಲದಿಂದ ಕೀಲಿ ತಿರುಗಿಸುವ ಮಗುವಿಗೆ ಇದೇನು ಗೊತ್ತು? ಕ್ಲಚ್ಚನ್ನು ಪೂರ್ತಿ ತುಳಿದಾಗ ಮಾತ್ರ ಕೂಡಿಕೊಳ್ಳುವ ಸ್ವಿಚ್ಚೊಂದನ್ನು ಪೆಡಲಿಗೆ ಜೋಡಿಸಿ, ಆ ತಂತಿಗಳನ್ನು ಅದರ ಮೂಲಕ ಹಾಯಿಸುವುದೇ ತಕ್ಕ ಮಾರ್ಗ. ಹಿಂದಕ್ಕೆ ಚಲಿಸುವಾಗ ಹತ್ತುವ ದೀಪಕ್ಕೂ ಹೊಸ ಪೆಟ್ಟಿಗೆಯಲ್ಲಿ ಸ್ವಿಚ್ಚನ್ನು ಒದಗಿಸಬೇಕು.

ಮೂರನೆಯದು ಯಂತ್ರದ್ದಲ್ಲ, ಮನುಷ್ಯರದು. ಆ ಟ್ರಕ್ಕನ್ನು ಮನೆಯಲ್ಲಿ ನಡೆಸುವವರು ಯಾರು ಯಾರು? ಯಜಮಾನನಿಗೆ ಗೇರುಕೋಲಿನ ಮೇಲೆ ಪ್ರೀತಿಯಿರಬಹುದು. ಮಂಡಿನೋವಿರುವ ತಂದೆಗೆ ಭಾರವಾದ ಕ್ಲಚ್ಚನ್ನು ತುಳಿಯಲಾದೀತೆ? ಕೈಗೇರನ್ನು ಎಂದೂ ಕಲಿಯದ ಗೃಹಿಣಿಯು ನಡುರಾತ್ರಿ ರೋಗಿಯೊಬ್ಬರನ್ನು ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಗತಿಯೇನು? ಮನೆಗೆಲ್ಲ ಅದೊಂದೇ ವಾಹನವಾಗಿದ್ದರೆ, ಪಾನೆಯನ್ನು ಕೈಗೆತ್ತಿಕೊಳ್ಳುವ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಕೇಳುವುದು ಧರ್ಮ. ಕಲಿಯಲು ಮನಸ್ಸುಳ್ಳವರಿಗೆ ಬಯಲಿನಲ್ಲಿ ಕೆಲವು ದಿನ ತಾಳ್ಮೆಯಿಂದ ಕಲಿಸುವುದೂ ಈ ದುರಸ್ತಿಯ ಒಂದು ಅಂಗವೆಂದೇ ಎಣಿಸತಕ್ಕದ್ದು.

ನಮ್ಮ ದೇಶದ ವಾಚಕರಿಗೆ ಒಂದು ಸೂಚನೆ. ಇಲ್ಲಿ ವಾಹನಗಳ ಮಾರ್ಪಾಡಿಗೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಕಟ್ಟುಪಾಡುಂಟು. ಇಂತಹ ಯಾವ ಬದಲಾವಣೆಯನ್ನಾದರೂ ಯೋಚಿಸುವವರು ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಕ್ಷೇಮ.

ಒಟ್ಟಿನಲ್ಲಿ, ಹಳೆಯ ಟ್ರಕ್ಕಿಗೆ ಕೈಗೇರನ್ನು ಹಾಕುವುದು ಹುಚ್ಚಾಟವೂ ಅಲ್ಲ, ಪವಾಡವೂ ಅಲ್ಲ. ಗುಜರಿಗೆ ಹೋಗಬೇಕಾಗಿದ್ದ ಬಂಡಿಯು ಇನ್ನೂ ಅನೇಕ ವರ್ಷ ದುಡಿಯುವಂತೆ ಮಾಡುವ ಒಳ್ಳೆಯ ಉಪಾಯವದು. ಆದರೆ ಯಂತ್ರದಿಂದ ಹಿಂದಕ್ಕೆ ಪಡೆದ ಪ್ರತಿಯೊಂದು ಕೆಲಸವನ್ನೂ ಮನುಷ್ಯನೊಬ್ಬನು ವಹಿಸಿಕೊಳ್ಳಲೇಬೇಕು. ಬಿಚ್ಚುವ ಮೊದಲು ಆ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದೊಂದರ ಎದುರಿಗೂ ಇನ್ನು ಮುಂದೆ ಅದನ್ನು ನೋಡಿಕೊಳ್ಳುವವರ ಹೆಸರನ್ನು ಬರೆಯಿರಿ. ಹೆಸರಿಲ್ಲದ ಸಾಲು ಒಂದೇ ಒಂದು ಉಳಿದಿದ್ದರೂ, ಪಾನೆಯು ಪೆಟ್ಟಿಗೆಯಲ್ಲಿಯೇ ಇರಲಿ.