ಆಶಾಳ ಹೆಗಲಿಗೆ ಸರ್ಕಾರದ ನಿಲುವು

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಯಾವುದಾದರೂ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆ ಇಟ್ಟ ಸುದ್ದಿ ಬಂದರೆ ಮೊದಲು ಬೈಸಿಕೊಳ್ಳುವವಳು ಅಲ್ಲಿನ ಆಶಾ ಕಾರ್ಯಕರ್ತೆ. ಅವಳೂ ಅದೇ ಹಟ್ಟಿಯ ಸೊಸೆ, ಕಾಡುಗೊಲ್ಲರ ದೈವ ಜುಂಜಪ್ಪನಿಗೆ ಸೂತಕ ಆಗದೆಂದು ನಂಬಿದವಳು ಎಂದು ಗೊತ್ತಾದರಂತೂ ಮುಗಿಯಿತು: ಕೆಲಸದಿಂದ ಕಿತ್ತುಹಾಕಿ!

ನಂಬಿಕೆ ಅವಳ ಮನೆಯಲ್ಲಿರಲಿ, ಕೆಲಸದಲ್ಲಿ ಅದಕ್ಕೆ ಜಾಗವಿಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ. ಹೆರಿಗೆಯಾದ 3, 7, 14, 21, 28, 42ನೇ ದಿನ ಆಶಾ ಹೋಗಿ ಕೂಸನ್ನು ಎತ್ತಿ ತೂಗಬೇಕು, ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಾಚೆ, ಗುಡಿಸಲಲ್ಲಿ ತಾಯಿಯೊಂದಿಗಿದ್ದ ಹಸುಗೂಸು ಮಳೆ ಚಳಿಗೆ ಶೀತವಾಗಿ ತೀರಿಕೊಂಡಿತು. ಅಂಥ ಜಾಗದಲ್ಲಿ ‘ನಾನು ಮುಟ್ಟಲಾರೆ’ ಎನ್ನುವ ಹಕ್ಕು ಆರೋಗ್ಯ ಇಲಾಖೆಯ ಕೆಲಸ ಒಪ್ಪಿಕೊಂಡ ಯಾರಿಗೂ ಇಲ್ಲ.

ಆದರೆ ಈ ನಿಷ್ಠೆ ಕೇಳುವವರು ಯಾರು? ಅವಳನ್ನು ನೌಕರಳೆಂದೇ ಒಪ್ಪದ, ಕೊಡುವ ಕಾಸನ್ನು ಗೌರವಧನ ಎನ್ನುವ ಸರ್ಕಾರ. ತಿಂಗಳಿಗೆ 10 ಸಾವಿರದ ಭರವಸೆ ಪಡೆಯಲು ಈ ಹೆಂಗಸರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಕೂರಬೇಕಾಯಿತು.

ಸೂತಕದ ಬಗ್ಗೆ ಸರ್ಕಾರದ ನಿಲುವಾದರೂ ಗಟ್ಟಿಯಿದೆಯೇ? ಮುಟ್ಟಾದವರನ್ನು, ಗರ್ಭಿಣಿಯರನ್ನು ಪ್ರತ್ಯೇಕವಾಗಿ ಇಡುವುದು ಅಪರಾಧ ಎನ್ನುತ್ತದೆ 2017ರ ಮೌಢ್ಯ ನಿಷೇಧ ಕಾಯ್ದೆ. ಹೊರಗಾದವರು ಇರಲೆಂದು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ ಕಟ್ಟಿಸಿದ್ದೂ ಸರ್ಕಾರವೇ. ಗುಡಿಸಲಿಗಿಂತ ಮೇಲು, ಒಪ್ಪೋಣ. ಆದರೆ ಹೊರಗಿಡುವ ಪದ್ಧತಿಗೇ ಸಿಮೆಂಟು ಮೆತ್ತಿದಂತಾಯಿತಲ್ಲ! ಪಕ್ಷಗಳೂ ಅಷ್ಟೇ. ಮತದಾರರ ಪಟ್ಟಿಯ ಬಗ್ಗೆ ತಮ್ಮ ಪಕ್ಷಕ್ಕೆ ಒಗ್ಗದ ಮಾತಾಡಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಮಧುಗಿರಿಯ ಶಾಸಕ ಕೆ.ಎನ್. ರಾಜಣ್ಣ ಮಂತ್ರಿಗಿರಿ ಕಳೆದುಕೊಂಡರು. ಸೂತಕದ ಗುಡಿಸಲು ಕಂಡೂ ಸುಮ್ಮನಿರುವ ಜನಪ್ರತಿನಿಧಿಗಳನ್ನು ಯಾವ ಪಕ್ಷವೂ ಹಾಗೆ ವಿಚಾರಿಸಿಕೊಳ್ಳುವುದಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಯವರು ಸಂಸದ ಎ. ನಾರಾಯಣಸ್ವಾಮಿಯವರನ್ನು ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅವರು ಹಿಂದಿರುಗಿದರು. ಸಂಸದರೇ ದಾಟದ ಗೆರೆಯನ್ನು ಗುಲಾಬಿ ಸೀರೆಯ ಈ ಹೆಣ್ಣುಮಗಳು ಒಬ್ಬಳೇ ದಾಟಬೇಕು. ಸೂತಕದವರನ್ನು ಮುಟ್ಟಿದವರಿಗೂ ಸೂತಕವೆನ್ನುವ ಬೀದಿಯಲ್ಲೇ ಸಂಜೆ ನೀರು ಹಿಡಿಯಬೇಕು, ಅತ್ತೆ ಬಡಿಸಿದ ಮುದ್ದೆ ಉಣ್ಣಬೇಕು.

ಹಟ್ಟಿಯಲ್ಲಿ ಹೆರಿಗೆಯಾದ ಮೊದಲ ವಾರವೇ ತಹಶೀಲ್ದಾರರು, ಪಿಡಿಒ, ವೈದ್ಯಾಧಿಕಾರಿ ಅವಳ ಜೊತೆ ಹೋಗಲಿ. ಬಾಣಂತಿಯನ್ನು ಹೊರಗಿಟ್ಟರೆ ಕೊಡುವ ಪೊಲೀಸ್ ದೂರಿನ ಕೆಳಗೆ ಅಧಿಕಾರಿಯ ಸಹಿ ಬೀಳಲಿ, ಅವಳದಲ್ಲ. ಇಷ್ಟಾದ ಮೇಲೂ ಅವಳು ಕೂಸನ್ನು ಮುಟ್ಟದಿದ್ದರೆ, ಆಗ ನೋಟಿಸ್ ಕೊಡಿ.